ಫ್ರಿಲ್ಲಿಗೆ ಹೋದ ಬಟ್ಟೆ

ನಾಟಕದ ಮನೆಗೆಲಸದವಳ ವೇಷಕ್ಕೆ ಬೇಕಾಗುವ ಏಪ್ರನ್ನು ಐದು ಭಾಗಗಳಿಂದ ಆಗುತ್ತದೆ: ಸೊಂಟದಿಂದ ಇಳಿಬೀಳುವ ಮುಂಗಟ್ಟು, ಎದೆಯ ಮೇಲಿನ ಚೌಕ, ಹೆಗಲ ಪಟ್ಟಿಗಳು, ನಡುಪಟ್ಟಿ, ಮತ್ತು ಹಿಂದೆ ಗಂಟು ಹಾಕುವ ಎರಡು ಲಾಡಿಗಳು. ಮುಂಗಟ್ಟಿನ ಮತ್ತು ಹೆಗಲ ಪಟ್ಟಿಗಳ ಅಂಚಿಗೆ ಸುತ್ತಿಕೊಂಡು ಬರುವ ನೆರಿಗೆಪಟ್ಟಿಗೆ ಟೈಲರುಗಳು ಹೇಳುವುದು ಫ್ರಿಲ್ ಎಂದು. ಕಪ್ಪು ಫ್ರಾಕಿನ ಮೇಲೆ ಈ ಬಿಳಿ ಏಪ್ರನ್ನು, ತಲೆಗೆ ಅದೇ ಬಟ್ಟೆಯ ಪಟ್ಟಿ. ಇಷ್ಟಿದ್ದರೆ ಪಾತ್ರ ಬಾಯಿ ತೆರೆಯುವ ಮೊದಲೇ ಪ್ರೇಕ್ಷಕರಿಗೆ ಅದು ಯಾರೆಂದು ಗೊತ್ತಾಗುತ್ತದೆ. ವೇಷದ ಅಷ್ಟೂ ಬಲ ಇರುವುದು ಫ್ರಿಲ್ಲಿನಲ್ಲಿ. ಅದನ್ನು ಬಿಚ್ಚಿಬಿಟ್ಟರೆ ಉಳಿಯುವುದು ಬೇಕರಿಯವರೂ ಪ್ರಯೋಗಾಲಯದವರೂ ಕಟ್ಟಿಕೊಳ್ಳುವ ಸಾದಾ ಬಟ್ಟೆ.

ಏಪ್ರನ್ನು ಇರುವುದು ಒಳಗಿನ ಬಟ್ಟೆ ಕೊಳೆಯಾಗದಿರಲಿ ಎಂದು. ಫ್ರಿಲ್ ಇರುವುದು ನೋಡುವವರಿಗಾಗಿ. ನೆರಿಗೆಯ ಸಂದಿಯಲ್ಲಿ ಹಿಟ್ಟು, ಮಸಿ, ಎಣ್ಣೆ ಎಲ್ಲವೂ ಸೇರಿಕೊಳ್ಳುತ್ತವೆ. ಒಗೆಯುವುದು ಕಷ್ಟ, ಇಸ್ತ್ರಿ ಮಾಡುವುದು ಇನ್ನೂ ಕಷ್ಟ. ಒಂದು ಬಟ್ಟೆಯ ಮೇಲೆ ಇವೆರಡೂ ಹೇಗೆ ಬಂದು ಕೂತವು ಎಂದು ಹುಡುಕಿದರೆ ಇಂಗ್ಲೆಂಡಿನ ಮನೆಯೊಡತಿಯರ ಒಂದು ಭಯ ಸಿಗುತ್ತದೆ. ಆ ಭಯ ಹುಟ್ಟಿದ್ದು ನಮ್ಮ ದೇಶದ ಹತ್ತಿಯಿಂದ ಎನ್ನುವುದು ಅದರಲ್ಲಿನ ಸ್ವಾರಸ್ಯ.

ಹದಿನೇಳನೇ ಶತಮಾನದ ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಹೋದ ಭಾರತದ ಕ್ಯಾಲಿಕೊ, ಛೀಟು, ಮಸ್ಲಿನ್‌ಗಳು ಲಂಡನ್ನಿನಲ್ಲಿ ಎಷ್ಟು ಅಗ್ಗವಾದವೆಂದರೆ ಯಜಮಾನಿ ಉಡುವ ಬಟ್ಟೆಯನ್ನೇ ಕೆಲಸದವಳೂ ಕೊಂಡು ಉಡಬಹುದಾಯಿತು. ಅಲ್ಲಿನ ಉಣ್ಣೆ, ರೇಷ್ಮೆ ನೇಕಾರರು ದಂಗೆಯೆದ್ದರು. ಅಚ್ಚು ಹಾಕಿದ ಹತ್ತಿಬಟ್ಟೆಯ ಆಮದನ್ನು 1700ರ ಕಾಯಿದೆ ತಡೆಯಿತು. ಅಂಥ ಬಟ್ಟೆಯನ್ನು ಉಡುವುದನ್ನೇ 1721ರ ಕಾಯಿದೆ ನಿಷೇಧಿಸಿತು. ಮಸ್ಲಿನ್‌ನಂಥ ಕೆಲವು ಬಟ್ಟೆಗಳು ಮಾತ್ರ ಹೊರಗುಳಿದವು. ಇದಾದ ನಾಲ್ಕು ವರ್ಷಕ್ಕೆ, ರಾಬಿನ್ಸನ್ ಕ್ರೂಸೋ ಬರೆದ ಡೇನಿಯಲ್ ಡೀಫೋ ಬೇರೆ ಹೆಸರಿನಲ್ಲಿ ಒಂದು ಪುಸ್ತಿಕೆ ತಂದ. ಸ್ನೇಹಿತರ ಮನೆಯಲ್ಲಿ ನೆರೆದಿದ್ದ ಹೆಂಗಸರಿಗೆಲ್ಲ ಆ ಕಾಲದ ಪದ್ಧತಿಯಂತೆ ಮುತ್ತಿಟ್ಟು ಸ್ವಾಗತ ಹೇಳುವಾಗ ಮನೆಗೆಲಸದವಳಿಗೂ ಮುತ್ತಿಟ್ಟು ಫಜೀತಿಪಟ್ಟ ಪ್ರಸಂಗ ಅದರಲ್ಲಿದೆ. ಆಕೆಯ ಉಡುಪು ಅಲ್ಲಿದ್ದ ಯಾರ ಉಡುಪಿಗೂ ಕಡಿಮೆಯಿರಲಿಲ್ಲವಂತೆ. ಆದ್ದರಿಂದ ಕೆಲಸದ ಹೆಂಗಸರಿಗೆಲ್ಲ ಗುರುತಿನ ಸಮವಸ್ತ್ರ ಕಡ್ಡಾಯವಾಗಬೇಕು ಎಂಬುದು ಅವನ ವಾದ. ತಪ್ಪು ಮುತ್ತಿನದು, ದಂಡ ಬಿದ್ದದ್ದು ಬಟ್ಟೆಗೆ.

ಡೀಫೋ ಕೇಳಿದ್ದು ಕೈಗೂಡಲು ನೂರು ವರ್ಷಕ್ಕೂ ಮೀರಿ ಹಿಡಿಯಿತು. ಮಧ್ಯಮವರ್ಗದ ಮನೆಗಳಲ್ಲೂ ಆಳು ಇಟ್ಟುಕೊಳ್ಳುವುದು ಅಂತಸ್ತಿನ ಗುರುತಾದ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ನಿಯಮ ಗಟ್ಟಿಯಾಯಿತು. ಬೆಳಗ್ಗೆ ಕಸಮುಸುರೆಗೆ ಅಚ್ಚಿನ ಹತ್ತಿ ಫ್ರಾಕು, ಒರಟು ಏಪ್ರನ್ನು. ಮಧ್ಯಾಹ್ನದ ಮೇಲೆ ಬಾಗಿಲು ತೆರೆಯಲು, ಚಹಾ ಕೊಡಲು ಕಪ್ಪು ಫ್ರಾಕು, ಫ್ರಿಲ್ ಇಟ್ಟ ಬಿಳಿ ಏಪ್ರನ್ನು, ಟೋಪಿ. ಒಬ್ಬಳೇ ಹುಡುಗಿ, ದಿನಕ್ಕೆ ಎರಡು ವೇಷ. ಹೆಚ್ಚಿನ ಮನೆಗಳಲ್ಲಿ ಈ ಬಟ್ಟೆಯನ್ನು ಕೆಲಸದವಳೇ ಕೊಂಡು ತರಬೇಕಿತ್ತು. ಹನ್ನೆರಡು, ಹದಿಮೂರರ ಹುಡುಗಿಯೊಬ್ಬಳು ಮೊದಲ ಕೆಲಸಕ್ಕೆ ಹೊರಡುವ ಮುನ್ನ ಈ ಬಟ್ಟೆಗಳಿಗಾಗಿ ಮನೆಯವರು ತಿಂಗಳುಗಟ್ಟಲೆ ಕಾಸು ಕೂಡಿಡುತ್ತಿದ್ದರು. ಇನ್ನೊಬ್ಬರ ಮನೆಯ ಅಂತಸ್ತು ತೋರಿಸುವ ಫ್ರಿಲ್ಲಿಗೆ ದುಡ್ಡು ಹಾಕುತ್ತಿದ್ದವಳು ಫ್ರಿಲ್ ಕಟ್ಟಿಕೊಳ್ಳುವವಳೇ.

ಫ್ರಿಲ್ಲಿನ ಹುಟ್ಟು ಮಾತ್ರ ಅಡುಗೆಮನೆಯದಲ್ಲ. ಹದಿನಾರನೇ ಶತಮಾನದ ಯೂರೋಪಿನ ಸಿರಿವಂತರು ಕತ್ತಿನ ಸುತ್ತ ಗಾಡಿಚಕ್ರದಷ್ಟಗಲದ ನೆರಿಗೆಪಟ್ಟಿ ಧರಿಸುತ್ತಿದ್ದರು. ಅದು ನೆಟ್ಟಗೆ ನಿಲ್ಲುತ್ತಿದ್ದುದು ಗಂಜಿಯ ಬಲದಿಂದ. 1564ರಲ್ಲಿ ಫ್ಲಾಂಡರ್ಸ್‌ನಿಂದ ಲಂಡನ್ನಿಗೆ ಬಂದ ಡಿಂಗೆನ್ ಎಂಬ ಹೆಂಗಸು ಬಟ್ಟೆಗೆ ಗಂಜಿ ಹಾಕುವ ವಿದ್ಯೆಯನ್ನು ಶುಲ್ಕ ಪಡೆದು ಕಲಿಸಿದಳು ಎಂದು ಅಲ್ಲಿನ ಚರಿತ್ರೆಗಳು ಹೇಳುತ್ತವೆ. ಹತ್ತು ಬೆರಳಿಗೂ ಕೆಲಸವಿಲ್ಲ ಎಂದು ಸಾರಲು ಹುಟ್ಟಿದ ಅಲಂಕಾರ ಮುನ್ನೂರು ವರ್ಷ ಇಳಿದು ಇಳಿದು ಕೊನೆಗೆ ಹತ್ತು ಬೆರಳಿಗೂ ಕೆಲಸವಿದ್ದವಳ ಸೊಂಟಕ್ಕೆ ಬಂತು.

ನಮ್ಮ ಕಡೆಗೆ ಈ ವೇಷ ಬರಲೇ ಇಲ್ಲ. 1809ರಲ್ಲಿ ಬೆಂಗಳೂರು ದಂಡು ಬಂದು ನಿಂತ ಮೇಲೆ ಬಂಗಲೆಗಳಲ್ಲಿ ಆಳುಗಳಿಗೇನೂ ಕಡಿಮೆಯಿರಲಿಲ್ಲ. ಮೈಸೂರಿನ ಕಮಿಷನರ್ ಕಬ್ಬನ್ ಸಾಹೇಬ ನಂದಿಬೆಟ್ಟದ ಮೇಲೆ ಬೇಸಿಗೆಮನೆ ಕಟ್ಟಿಸಿದಾಗ ಅಲ್ಲಿಗೂ ಒಂದು ದಂಡೇ ಹತ್ತಿರಬೇಕು. ಆದರೆ ದೊರೆಗಳ ಮನೆಯೊಳಗೆ ಎದ್ದುಕಾಣುವ ಕೆಲಸವೆಲ್ಲ ಗಂಡಸರದು: ಬಟ್ಲರ್, ಅಡುಗೆಯವನು, ಚಪ್ರಾಸಿ. ಅವರಿಗೆ ಬಿಳಿ ಕೋಟು, ಪೇಟ, ನಡುವಿಗೆ ಅಗಲದ ಪಟ್ಟಿ. ಇಂಡಿಯಾ ಕಾಫಿ ಹೌಸಿನ ಮಾಣಿಗಳ ಉಡುಪಿನಲ್ಲಿ ಅದೇ ಗತ್ತು ಈಗಲೂ ಇದೆ. ಮಕ್ಕಳನ್ನು ನೋಡಿಕೊಳ್ಳುವ ಆಯಾಗೆ ಬಿಳಿ ಸೀರೆ ಸಾಕಾಗಿತ್ತು.

ಸೀರೆಗೆ ಏಪ್ರನ್ನಿನ ಹಂಗಿಲ್ಲ. ಸೆರಗು ಬಲದಿಂದ ಎಳೆದು ಸೊಂಟಕ್ಕೆ ಸಿಕ್ಕಿಸಿದರೆ ಏಪ್ರನ್ನು. ಅದನ್ನೇ ಮುಂದೆ ಮಡಿಲು ಕಟ್ಟಿದರೆ ಚೀಲ. ಚಿಕ್ಕಬಳ್ಳಾಪುರದ ಸೇವಂತಿಗೆ ತೋಟಗಳಲ್ಲಿ ಹೂ ಬಿಡಿಸುವವರು, ಚಿಂತಾಮಣಿ ಕಡೆ ಕಡಲೆಕಾಯಿ ಕೀಳುವವರು ಮಡಿಲು ಕಟ್ಟದೆ ಸಾಲಿಗೆ ಇಳಿಯುವುದಿಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವ ಬೇಸಿನ್‌ಗಳ ಮುಂದೆ ಬಿಸಿನೀರಿಗೆ ಕೈಯಿಟ್ಟು ಕೂರುವವರು ತೊಡೆಯ ಮೇಲೆ ಹಳೇ ಬಟ್ಟೆಯನ್ನೋ ಗೋಣಿಯನ್ನೋ ಹೊದ್ದುಕೊಳ್ಳುತ್ತಾರೆ. ಅದಕ್ಕೆ ಫ್ರಿಲ್ ಇಡುವ ಯೋಚನೆ ಯಾರಿಗೂ ಬಂದಂತಿಲ್ಲ.

ಈ ಸೀಮೆಯಲ್ಲಿ ಏಪ್ರನ್ನು ಬಂದದ್ದು ಬೇರೆ ಬೇರೆ ಬಾಗಿಲುಗಳಿಂದ. ಒಂದು, ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್ನಿನವರು ಕಟ್ಟಿದ ಆಸ್ಪತ್ರೆ, ಅಂದರೆ ಈಗಿನ ಸಿ.ಎಸ್.ಐ. ಆಸ್ಪತ್ರೆ. ಮಿಷನ್ ಆಸ್ಪತ್ರೆಗಳ ನರ್ಸುಗಳ ಬಿಳಿ ಏಪ್ರನ್ನು ವಿಕ್ಟೋರಿಯಾ ಕಾಲದ ಮನೆಗೆಲಸದವಳ ಏಪ್ರನ್ನಿಗೆ ತಂಗಿ ಇದ್ದ ಹಾಗೆ. ಇನ್ನೊಂದು, ಕಾನ್ವೆಂಟು ಶಾಲೆ. ಬಿಳಿ ಶರ್ಟಿನ ಮೇಲೆ ಹುಡುಗಿಯರು ತೊಡುವ ಪಿನಾಫೋರ್ ಮೂಲದಲ್ಲಿ ಫ್ರಾಕು ಕೊಳೆಯಾಗದಿರಲೆಂದು ಮಕ್ಕಳಿಗೆ ಹಾಕುತ್ತಿದ್ದ ಏಪ್ರನ್ನೇ. ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಪುಸ್ತಕಕ್ಕೆ 1865ರಲ್ಲಿ ಜಾನ್ ಟೆನಿಯಲ್ ಬರೆದ ಚಿತ್ರಗಳಲ್ಲಿ ಆಲಿಸ್ ತೊಟ್ಟಿರುವುದು ಅದನ್ನೇ. ತೀರ ಈಚಿನದು ಗೌರಿಬಿದನೂರು, ದೊಡ್ಡಬಳ್ಳಾಪುರದ ಕಡೆಯ ಗಾರ್ಮೆಂಟ್ಸ್: ಬೆಳಗ್ಗೆ ಬಸ್ಸಿಳಿದು ಫ್ಯಾಕ್ಟರಿಯೊಳಗೆ ಹೋಗುವ ಹೆಂಗಸರು ಸೀರೆ, ಚೂಡಿದಾರದ ಮೇಲೆ ಬಣ್ಣದ ಏಪ್ರನ್ನು ಏರಿಸಿಕೊಳ್ಳುತ್ತಾರೆ. ದಿನವಿಡೀ ವಿದೇಶದ ಮಕ್ಕಳ ಫ್ರಾಕಿಗೆ ಫ್ರಿಲ್ ಇಟ್ಟರೂ ಅವರ ಏಪ್ರನ್ನಿನ ಅಂಚು ಮಾತ್ರ ಸಪಾಟು.

ಹಾಗೆಂದು ನೆರಿಗೆಯ ಅಂಚು ಇಲ್ಲಿಗೆ ಹೊಸದಲ್ಲ. ಅದು ಝಾಲರು. ದೇವರ ಸತ್ತಿಗೆಗೆ, ನಂದಿಯ ಭೋಗನಂದೀಶ್ವರನ ತೇರಿಗೆ, ಪಲ್ಲಕ್ಕಿಗೆ, ಕಂಪನಿ ನಾಟಕದ ಮುಂದಿನ ಪರದೆಗೆ ಅದು ಸಲ್ಲುತ್ತಿತ್ತು. ಈ ಭಾಗದ ಕೇಳಿಕೆಯಲ್ಲಾಗಲಿ, ಹಬ್ಬಕ್ಕೆ ಊರವರು ಆಡುವ ಕುರುಕ್ಷೇತ್ರದಲ್ಲಾಗಲಿ ಝಾಲರು, ಜರತಾರಿ, ಮಖಮಲ್ಲು ಎಲ್ಲ ದುರ್ಯೋಧನನ ಕಡೆಗೆ. ದಾಸಿಯ ಪಾತ್ರಕ್ಕೆ ಮನೆಯ ಸೀರೆಯೇ ಗತಿ. ಇದನ್ನು ಬರೆಯುತ್ತಿರುವವಳು ಚಿಕ್ಕಬಳ್ಳಾಪುರದ ಪಕ್ಕದ ಕಳವಾರದ ತನ್ನ ಮನೆಯ ಜಗಲಿಯಲ್ಲಿ ಏಪ್ರನ್ನಿಗೆ ಫ್ರಿಲ್ ಹಿಡಿಯುತ್ತಿದ್ದಾಗ ಪಕ್ಕದ ಮನೆಯ ಅಜ್ಜಿ ಎತ್ತಿ ನೋಡಿ ಕೇಳಿದ್ದೂ ಅದನ್ನೇ: “ಪೊರಕೆ ಹಿಡಿಯೋಳಿಗೆ ತೇರಿನ ಥರ ಝಾಲರು ಯಾಕಮ್ಮಾ?” ಡೀಫೋನಿಂದ ಬೀಟನ್ನಮ್ಮನ 1861ರ ಗೃಹಕೃತ್ಯದ ಪುಸ್ತಕದವರೆಗೆ ಓದಿ ಕೊಡಬಹುದಾದ ಉತ್ತರ ಆ ಹೊತ್ತಿಗೆ ಬಾಯಿಗೆ ಬರುವಂಥದ್ದಲ್ಲ. “ನಾಟಕಕ್ಕೆ ಅಜ್ಜೀ” ಎಂದರೆ ಮುಗಿಯಿತು.

ಹಳ್ಳಿಯ ಜಗಲಿಗೆ ಈ ಕೆಲಸ ಬರುವುದು ಶಾಲೆಯ ವಾರ್ಷಿಕೋತ್ಸವದಿಂದ. ಇಂಗ್ಲಿಷ್ ಮಾಧ್ಯಮದ ಶಾಲೆಗಳು ಊರೂರಿಗೂ ಆದ ಮೇಲೆ ಡಿಸೆಂಬರು ಜನವರಿಯಲ್ಲಿ ಒಂದಲ್ಲ ಒಂದು ಶಾಲೆ ಸಿಂಡ್ರೆಲಾ ಆಡಿಸುತ್ತದೆ. ಷಾರ್ಲ್ ಪೆರೋ 1697ರಲ್ಲಿ ಅಚ್ಚುಮಾಡಿಸಿದ ಕಥೆಯ ಹುಡುಗಿ ಒಲೆಬೂದಿಯಲ್ಲಿ ಕೂರುವವಳು; ಅವಳಿಗೆ ಚಿಂದಿಯೇ ಸರಿಯಾದ ವೇಷ. ಆದರೆ ಯಾವ ತಾಯಿಯೂ ತನ್ನ ಮಗಳಿಗೆ ಚಿಂದಿ ಉಡಿಸಿ ಸ್ಟೇಜು ಹತ್ತಿಸಲು ಒಪ್ಪುವುದಿಲ್ಲವಾಗಿ ಫ್ರಿಲ್ಲಿನ ಏಪ್ರನ್ನು ಬರುತ್ತದೆ. ದೊಡ್ಡವರ ದಾರಿ ಬೇರೆ. ಫ್ರೆಂಚ್ ಪ್ರಹಸನಗಳಲ್ಲಿ ಚೆಲ್ಲಾಟದ ಪಾತ್ರವಾದ ಕೆಲಸದವಳು ಸಿನಿಮಾಕ್ಕೆ ಹೋಗಿ, ಅಲ್ಲಿಂದ ಜಪಾನಿನ ಕಾಮಿಕ್ಸ್‌ಗಳಿಗೆ ಹೋಗಿ, 2001ರಲ್ಲಿ ಟೋಕಿಯೊದ ಅಕಿಹಾಬಾರದಲ್ಲಿ ಆ ಉಡುಪಿನಲ್ಲೇ ಕಾಫಿ ಕೊಡುವ ಹೋಟೆಲಿನ ಮಾಣಿಯಾದಳು. ಬೆಂಗಳೂರಿನ ಕಾಮಿಕ್ ಕಾನ್ ಮೇಳಕ್ಕೆ ಇದನ್ನೇ ತೊಟ್ಟು ಬರುವ ಯುವಕ ಯುವತಿಯರಿದ್ದಾರೆ. 

ಬಟ್ಟೆಗೆ ಬರೋಣ. ಹತ್ತಿಯ ಪಾಪ್ಲಿನ್ ಅಥವಾ ಕೇಂಬ್ರಿಕ್ ಆಗಬೇಕು. ರವಿಕೆಗೆ ತರುವ ಟೂ ಬೈ ಟೂ ಕೂಡ ನಡೆಯುತ್ತದೆ. ಪಾಲಿಯೆಸ್ಟರ್ ಅಗ್ಗ, ಇಸ್ತ್ರಿಯ ಗೋಜಿಲ್ಲ. ಆದರೆ ಅದರ ನೆರಿಗೆ ಉಬ್ಬಿ ನಿಲ್ಲದೆ ಒದ್ದೆ ಬಟ್ಟೆಯಂತೆ ಜೋತುಬೀಳುತ್ತದೆ. ಹತ್ತಿಯನ್ನು ಕತ್ತರಿಸುವ ಮೊದಲು ರಾತ್ರಿಯಿಡೀ ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಬೇಕು. ಇಲ್ಲವಾದರೆ ಮೊದಲ ಒಗೆತಕ್ಕೆ ಮುಂಗಟ್ಟು ಕುಗ್ಗಿ ಫ್ರಿಲ್ಲು ಎಲ್ಲೆಲ್ಲೋ ಎಳೆಯುತ್ತದೆ.

ಹೈಸ್ಕೂಲಿನ ಹುಡುಗಿಯ ಅಳತೆಗೆ 44 ಇಂಚು ಪನ್ನದ (ಅಗಲದ) ಬಟ್ಟೆ ಒಂದೂವರೆ ಮೀಟರ್ ಸಾಕು. ಮುಂಗಟ್ಟಿಗೆ 24 ಇಂಚು ಅಗಲ, 19 ಇಂಚು ಉದ್ದದ ತುಂಡು; ಅದರ ಪಕ್ಕದಲ್ಲಿ ಉಳಿಯುವ ಬಟ್ಟೆಯಲ್ಲೇ ಎದೆಯ ಚೌಕಕ್ಕೆ 10 ಇಂಚಿನ ಎರಡು ತುಂಡು, ನಡುಪಟ್ಟಿಗೆ 17ಕ್ಕೆ 5. ಲಾಡಿಗಳಿಗೆ ಪನ್ನದುದ್ದದ 4 ಇಂಚಿನ ಎರಡು ಪಟ್ಟಿ, ಹೆಗಲಿಗೆ 3 ಇಂಚಿನವು ಎರಡು. ಇನ್ನು ಫ್ರಿಲ್. ಮುಂಗಟ್ಟಿನ ಎರಡು ಬದಿ, ಕೆಳಗಿನ ಅಂಚು ಸೇರಿ ಸುಮಾರು 60 ಇಂಚು. ನೆರಿಗೆ ತುಂಬಿಕೊಂಡು ಕಾಣಬೇಕಾದರೆ ಅದರ ಎರಡರಷ್ಟು ಪಟ್ಟಿ ಬೇಕು, ಅಂದರೆ 120 ಇಂಚು. ಪನ್ನದುದ್ದದ 4 ಇಂಚಿನ ಮೂರು ಪಟ್ಟಿ ಜೋಡಿಸಿದರೆ ಆಗುತ್ತದೆ. ಹೆಗಲ ಫ್ರಿಲ್ಲಿಗೆ ಮೂರೂವರೆ ಇಂಚಿನವು ಇನ್ನೆರಡು. ಲೆಕ್ಕ ಹಾಕಿದರೆ ಕತ್ತರಿಸುವ 52 ಇಂಚು ಬಟ್ಟೆಯಲ್ಲಿ 19 ಇಂಚು ಬರೀ ಫ್ರಿಲ್ಲಿಗೆ. ಮೂರರಲ್ಲೊಂದು ಪಾಲಿಗಿಂತ ಹೆಚ್ಚು. ಕೈ ಬಿಗಿಹಿಡಿದು ಉಳಿಸುವ ಕಡೆ ಅಲ್ಲ ಇದು. ಒಂದೂವರೆ ಪಟ್ಟು ಬಟ್ಟೆಯಲ್ಲಿ ಮುಗಿಸಿದ ಫ್ರಿಲ್ ದೂರದಿಂದ ಸುಕ್ಕಿನಂತೆ ಕಾಣುತ್ತದೆಯೇ ಹೊರತು ನೆರಿಗೆಯಂತಲ್ಲ.

ಹೊಲಿಗೆ ಮೆಷೀನು ಇಲ್ಲದ ಕಾಲದಲ್ಲಿ ಇಷ್ಟುದ್ದ ಅಂಚನ್ನು ಕೈಯಲ್ಲೇ ಮಡಚಿ ಹೊಲಿಯುತ್ತಿದ್ದರು. ಎಲಿಯಾಸ್ ಹೌ ಎಂಬವನಿಗೆ 1846ರಲ್ಲೂ ಐಸಾಕ್ ಸಿಂಗರನಿಗೆ 1851ರಲ್ಲೂ ಪೇಟೆಂಟ್ ಸಿಕ್ಕಿದ ಮೇಲೆ ಆದದ್ದು ತಮಾಷೆ: ಕೆಲಸ ಸುಲಭವಾಯಿತು, ಆದ್ದರಿಂದ ಫ್ರಿಲ್ಲು ಹೆಚ್ಚಾಯಿತು. ಯಂತ್ರಗಳ ಬಗ್ಗೆ ಅಷ್ಟೊಂದು ಕಟುವಾಗಿದ್ದ ಗಾಂಧೀಜಿ 1924ರಲ್ಲಿ ಯಂಗ್ ಇಂಡಿಯಾದಲ್ಲಿ ಸಿಂಗರ್ ಮೆಷೀನಿಗೆ ಮಾತ್ರ ರಿಯಾಯಿತಿ ಕೊಟ್ಟರು. ಹೆಂಡತಿ ಕೈಹೊಲಿಗೆಯಲ್ಲಿ ಬಳಲುವುದನ್ನು ನೋಡಲಾರದೆ ಸಿಂಗರ್ ಇದನ್ನು ಮಾಡಿದ ಎಂಬುದು ಅವರ ನಂಬಿಕೆ. ಸಿಂಗರನ ಪ್ರೀತಿ ಒಂದೇ ಮನೆಗೆ ನಿಂತದ್ದಲ್ಲ, ಹಲವು ಹೆಂಗಸರಲ್ಲಿ ಅವನಿಗೆ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಎಂಬುದನ್ನು ಮಹಾತ್ಮರಿಗೆ ಯಾರೂ ಹೇಳಿರಲಿಕ್ಕಿಲ್ಲ.  1930ರ ದಶಕದಲ್ಲಿ ಕಲ್ಕತ್ತೆಯ ಜೇ ಎಂಜಿನಿಯರಿಂಗ್ ವರ್ಕ್ಸ್ ಉಷಾ ಮೆಷೀನು ತಯಾರಿಸತೊಡಗಿದ ಮೇಲೆ ಹೊಲಿಗೆ ಮೆಷೀನು ಮದುವೆಯ ಉಡುಗೊರೆಯೂ ಆಯಿತು, ಸರಕಾರಿ ಸವಲತ್ತೂ ಆಯಿತು. ಕಳವಾರದ ಈ ಮನೆಯ ಕಪ್ಪು ಉಷಾ ಮೊದಲನೆಯ ಬಗೆಯದು: ಬರೆಯುತ್ತಿರುವವಳ ಚಿಕ್ಕಮ್ಮನಿಗೆ ತವರಿನವರು ಕೊಟ್ಟದ್ದು, ಅವರ ಕಣ್ಣು ಮಂಜಾದ ಮೇಲೆ ಇವಳ ಪಾಲಿಗೆ ಬಂದದ್ದು. ಪೆಡಲಿನ ಕಬ್ಬಿಣದ ಹೂಬಳ್ಳಿಯ ಮೇಲೆ ಚಿಕ್ಕಮ್ಮನ ಪಾದ ಸವೆಸಿದ ಜಾಗ ಮಾತ್ರ ಹೊಳೆಯುತ್ತದೆ.

ಫ್ರಿಲ್ ಹಿಡಿಯುವುದೇ ಈ ಕೆಲಸದ ಹೃದಯ. ಮೊದಲು ಪಟ್ಟಿಗಳನ್ನು ಜೋಡಿಸಿ, ಕೆಳ ಅಂಚನ್ನು ಕಾಲಿಂಚಿನಂತೆ ಎರಡು ಸಲ ಮಡಚಿ ಹೊಲಿದು ಮುಗಿಸಬೇಕು. ನೆರಿಗೆ ಬಿದ್ದ ಮೇಲೆ ಅಂಚು ಮಡಚಲು ಹೊರಟವರು ಅರ್ಧದಲ್ಲೇ ಕೈಬಿಡುತ್ತಾರೆ. ಆಮೇಲೆ ಹೊಲಿಗೆಯ ಉದ್ದವನ್ನು ಮೆಷೀನು ಕೊಡುವಷ್ಟೂ ದೊಡ್ಡದು ಮಾಡಿ, ಮೇಲ್ದಾರದ ಬಿಗಿಯನ್ನು ಸ್ವಲ್ಪ ಸಡಿಲಿಸಿ, ಮೇಲಂಚಿನಿಂದ ಕಾಲಿಂಚಿಗೆ ಒಂದು, ಅದಕ್ಕೆ ಸಮನಾಗಿ ಇನ್ನೂ ಕಾಲಿಂಚು ಕೆಳಗೆ ಇನ್ನೊಂದು ಸಾಲು ಓಡಿಸಬೇಕು. ಎರಡೂ ತುದಿಯಲ್ಲಿ ಗೇಣುದ್ದ ದಾರ ಬಿಡಬೇಕು. ಎಳೆಯುವುದು ಬಾಬಿನ್ನಿನ ದಾರವನ್ನು, ಎರಡು ಸಾಲಿನದನ್ನೂ ಒಟ್ಟಿಗೆ. ಒಂದು ಕೈ ದಾರ ಹಿಡಿದಿರುತ್ತದೆ, ಇನ್ನೊಂದರ ಹೆಬ್ಬೆರಳು ಬಟ್ಟೆಯನ್ನು ಹಿಂದಕ್ಕೆ ದೂಡುತ್ತ ಹೋಗುತ್ತದೆ. ದಾರವನ್ನು ಎಳೆಯುವುದಕ್ಕಿಂತ ಬಟ್ಟೆಯನ್ನು ನಡೆಸುವುದು ಇಲ್ಲಿನ ಗುಟ್ಟು. ಆತುರಪಟ್ಟರೆ ದಾರ ತುಂಡಾಗುತ್ತದೆ. 120 ಇಂಚಿನ ನೆರಿಗೆ ಒಂದೇ ಸಲ ಬಿಚ್ಚಿಕೊಂಡು ಮಡಿಲಿಗೆ ಬೀಳುತ್ತದೆ. ಅನುಭವಸ್ಥರು ಪಟ್ಟಿಯನ್ನು ನಾಲ್ಕು ಪಾಲು ಮಾಡಿ ಪ್ರತಿ ಪಾಲಿಗೂ ಬೇರೆ ದಾರ ಹಾಕುವುದು ಅದಕ್ಕೇ.

ಮುಂಗಟ್ಟಿನ ಅಂಚಿಗೂ ಚಾಕಿನಲ್ಲಿ ನಾಲ್ಕು ಪಾಲಿನ ಗುರುತು ಹಾಕಿ, ಗುರುತಿಗೆ ಗುರುತು ಸೇರಿಸಿ ಗುಂಡುಪಿನ್ನು ಚುಚ್ಚಿದರೆ ನೆರಿಗೆ ಒಂದು ಕಡೆ ಗುಂಪಾಗಿ ಇನ್ನೊಂದು ಕಡೆ ಬೋಳಾಗುವುದಿಲ್ಲ. ಕೆಳಗಿನ ಎರಡು ಮೂಲೆಗಳನ್ನು ತಟ್ಟೆಯಿಟ್ಟು ದುಂಡಗೆ ಕತ್ತರಿಸಿಕೊಳ್ಳುವುದು ಒಳ್ಳೆಯದು. ದುಂಡು ಮೂಲೆಯಲ್ಲಿ ಫ್ರಿಲ್ಲಿನ ಹೊರ ಅಂಚು ಒಳ ಅಂಚಿಗಿಂತ ಹೆಚ್ಚು ದೂರ ಸುತ್ತಬೇಕಾಗುವುದರಿಂದ ಅಲ್ಲಿ ನೆರಿಗೆಯನ್ನು ಒತ್ತೊತ್ತಾಗಿ ಕೂರಿಸಬೇಕು. ಇಲ್ಲದಿದ್ದರೆ ಅಂಚು ಬಟ್ಟಲಿನಂತೆ ಒಳಕ್ಕೆ ಮಗುಚುತ್ತದೆ. ಈಗ ಹೊಲಿಗೆಯನ್ನು ಮಾಮೂಲು ಉದ್ದಕ್ಕೆ ತಂದು, ಎರಡು ಸಾಲುಗಳ ನಡುವೆ, ನೆರಿಗೆಯ ಬದಿ ಮೇಲೆ ಕಾಣುವಂತಿಟ್ಟು ಹೊಲಿಯಬೇಕು. ಅಡಿಯಲ್ಲಿಟ್ಟರೆ ನೆರಿಗೆಗಳು ಓರೆಯಾಗಿ ಮಲಗುವುದು ಗೊತ್ತಾಗುವುದೇ ಇಲ್ಲ. ಹೊರಗೆ ಕಾಣುವ ದೊಡ್ಡ ಹೊಲಿಗೆಯನ್ನು ಕೊನೆಗೆ ಬಿಚ್ಚಿ ಎಳೆದರಾಯಿತು.

ಉಳಿದದ್ದು ಜೋಡಣೆ. ಹೆಗಲ ಪಟ್ಟಿಯನ್ನು ಉದ್ದಕ್ಕೆ ಮಡಚಿ, ಹೊರ ಅಂಚಿನೊಳಗೆ ಫ್ರಿಲ್ಲನ್ನು ಸಿಕ್ಕಿಸಿ ಹೊಲಿಯಬೇಕು. ಎದೆಯ ಚೌಕದ ಎರಡು ತುಂಡುಗಳ ನಡುವೆ ಪಟ್ಟಿಯ ತುದಿ ಸೇರಿದರೆ ಒಳಗೂ ಚೊಕ್ಕವಾಗಿರುತ್ತದೆ. ಮುಂಗಟ್ಟಿನ 24 ಇಂಚಿನ ಮೇಲಂಚನ್ನು ನೆರಿಗೆ ಹಿಡಿದು 16ಕ್ಕೆ ತಂದು ನಡುಪಟ್ಟಿಯ ಅಡಿಗೆ, ಎದೆಯ ಚೌಕವನ್ನು ಮೇಲಕ್ಕೆ, ಲಾಡಿಗಳನ್ನು ಎರಡು ತುದಿಗೆ ಕೊಟ್ಟು ಒಂದೇ ಸುತ್ತಿನಲ್ಲಿ ಮುಚ್ಚಬಹುದು. ಹೆಗಲ ಪಟ್ಟಿಗಳನ್ನು ಬೆನ್ನಿನಲ್ಲಿ ಗುಣಾಕಾರದ ಗುರುತಿನಂತೆ ದಾಟಿಸಿ ನಡುಪಟ್ಟಿಗೆ ಗುಂಡಿ ಹಾಕಿ ನಿಲ್ಲಿಸಿದರೆ ಕುಣಿತದ ಹಾಡಿನಲ್ಲೂ ಹೆಗಲಿನಿಂದ ಜಾರುವುದಿಲ್ಲ. ಲಾಡಿಯ ಉದ್ದದಲ್ಲಿ ಜಿಪುಣತನ ಕೂಡದು. ಸ್ಟೇಜಿನ ಮೇಲೆ ಕೆಲಸದವಳು ಪ್ರೇಕ್ಷಕರಿಗೆ ಬೆನ್ನು ತೋರಿಸುವುದೇ ಹೆಚ್ಚಾದ್ದರಿಂದ ಹಿಂದಿನ ದೊಡ್ಡ ಗಂಟೇ ಮುಖದಷ್ಟು ಮುಖ್ಯ.

ಗಂಜಿಗೆ ಅನ್ನ ಬಸಿದ ತಿಳಿ ಸಾಕು. ಸಬ್ಬಕ್ಕಿ ಕುದಿಸಿ ಸೋಸಿದ್ದಾದರೆ ಬಿಳಿ ಇನ್ನೂ ಚೆನ್ನ. ಒಂದೆರಡು ಹನಿ ನೀಲಿ ಸೇರಿಸಿ, ಅದ್ದಿ, ಹಿಂಡದೆ ಒಣಹಾಕಿ, ಇನ್ನೂ ಹಸಿ ಇರುವಾಗಲೇ ಇಸ್ತ್ರಿ ಮಾಡಬೇಕು. ಫ್ರಿಲ್ಲಿನ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ಚಪ್ಪಟೆಯಾಗಿ ಎಳೆದರೆ ಹಿಡಿದ ನೆರಿಗೆಯೆಲ್ಲ ಮುರಿದು ಗೆರೆಯಾಗುತ್ತದೆ. ಪೆಟ್ಟಿಗೆಯ ಮೂತಿಯನ್ನು ಹೊರ ಅಂಚಿನಿಂದ ಒಳಕ್ಕೆ, ಒಂದೊಂದೇ ನೆರಿಗೆಯೊಳಗೆ ತೂರಿಸಿ ತೆಗೆಯಬೇಕು. ವಿಕ್ಟೋರಿಯಾ ಕಾಲದಲ್ಲಿ ಇದಕ್ಕೆಂದೇ ಕಾಯಿಸಿದ ಕಬ್ಬಿಣದ ಕೋಲು, ಇಕ್ಕಳಗಳಿದ್ದವು. ವಾರ್ಷಿಕೋತ್ಸವ ಮುಗಿದ ಮೇಲೆ ಏಪ್ರನ್ನನ್ನು ಮುಂದಿನ ವರ್ಷಕ್ಕೆ ಎತ್ತಿಡುವುದಾದರೆ ಗಂಜಿಯನ್ನು ಪೂರ್ತಿ ತೊಳೆದು ತೆಗೆದೇ ಮಡಚಬೇಕು. ಗಂಜಿ ಇದ್ದ ಹತ್ತಿಯೆಂದರೆ ಜಿರಲೆಗೂ ಬೆಳ್ಳಿಹುಳಕ್ಕೂ ಇಷ್ಟ; ಅವು ಮೊದಲು ಹಿಡಿಯುವುದು ಬಟ್ಟೆ ಒತ್ತಾಗಿರುವ ನೆರಿಗೆಯ ಬುಡವನ್ನೇ.